ಕಾಗದ ಸೇರಿದ ಊರು

ಬೆಂಗಳೂರು ಎಂಬ ಹೆಸರು ನಮಗೆ ಮೊದಲು ಕಾಣಸಿಗುವುದು ಒಂದು ಸಾವಿನ ಸುದ್ದಿಯಲ್ಲಿ. ಬೇಗೂರಿನ ನಾಗೇಶ್ವರ ದೇವಾಲಯದ ಆವರಣದಲ್ಲಿ ಗಂಗರ ಕಾಲದ ವೀರಗಲ್ಲೊಂದಿದೆ; ಕ್ರಿ.ಶ. 890ರ ಸುಮಾರಿನದೆಂದು ವಿದ್ವಾಂಸರು ಎಣಿಸಿದ್ದಾರೆ. ನಾಗತ್ತರ ಎಂಬ ನಾಯಕನ ಕಡೆಯ ಬುತ್ತಣಶೆಟ್ಟಿ ಎಂಬವನು ಬೆಂಗಳೂರ ಕಾಳಗದಲ್ಲಿ ಸತ್ತನೆಂದು ಹೇಳಿ ಅದರ ಬರಹ ಸುಮ್ಮನಾಗುತ್ತದೆ. ಕಾಳಗ ಯಾತಕ್ಕೆ ನಡೆಯಿತು, ಎಷ್ಟು ಮಂದಿ ಬಿದ್ದರು, ಯಾರು ಗೆದ್ದರು, ಒಂದೂ ಇಲ್ಲ. ಅದೇ ಬೇಗೂರಿನಿಂದ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ತಂದಿಟ್ಟಿರುವ ಇನ್ನೊಂದು ವೀರಗಲ್ಲಿನಲ್ಲಿ ಆನೆ, ಕುದುರೆ, ಬಿಲ್ಲು, ಕತ್ತಿಗಳು ಕಿಕ್ಕಿರಿದಿವೆ. ನೋಡುವವರ ಕಣ್ಣು ಸಹಜವಾಗಿ ಅಲ್ಲೇ ನಿಲ್ಲುತ್ತದೆ. ಅದರ ಬರಹದ ಗಮನ ಮಾತ್ರ ಬೇರೆಡೆ ಇದೆ. ನಾಗತ್ತರ ಕಾದಿ ಸತ್ತನೆಂದು ಚುಟುಕಾಗಿ ತಿಳಿಸಿ, ಇರುಗ ಎಂಬವನಿಗೆ ಬೆಂಪೂರು ಹನ್ನೆರಡನ್ನು, ಅಂದರೆ ಹನ್ನೆರಡು ಹಳ್ಳಿಗಳ ಸೀಮೆಯನ್ನು, ಕಲ್ನಾಡಾಗಿ (ವೀರನ ನೆನಪಿನ ದತ್ತಿಯಾಗಿ) ಕೊಟ್ಟ ಸಂಗತಿಗೆ ಬರುತ್ತದೆ. ಆ ಹಳ್ಳಿಗಳ ಹೆಸರನ್ನು ಒಂದೊಂದಾಗಿ ಎಣಿಸುತ್ತದೆ. ಬೆಂಪೂರು ಎಂದರೆ ಇಂದಿನ ಬೇಗೂರು. ಸಾವಿರ ವರ್ಷದ ಹಿಂದೆ ಬೆಂಗಳೂರಿನ ತೆಂಕಣ ಸೀಮೆಯಲ್ಲಿ ಯಾವ ಯಾವ ಊರುಗಳಿದ್ದವು ಎಂದು ಹುಡುಕುವವನು ಹೋಗಬೇಕಾದದ್ದು ಈ ಯುದ್ಧದ ಕಲ್ಲಿನ ಬಳಿಗೇ.

ಮದ್ದೂರು ತಾಲ್ಲೂಕಿನ ಆತಕೂರಿನ ಕಲ್ಲು ಇದಕ್ಕಿಂತಲೂ ಸ್ವಾರಸ್ಯದ್ದು. ಹತ್ತನೆಯ ಶತಮಾನದ ನಡುವಿನ ಆ ಶಾಸನದಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನಿಗೂ ಚೋಳ ರಾಜಾದಿತ್ಯನಿಗೂ ತಕ್ಕೋಲದಲ್ಲಿ ನಡೆದ ಯುದ್ಧ ಬರುತ್ತದೆ. ದಕ್ಷಿಣ ಭಾರತದ ರಾಜಕೀಯವನ್ನೇ ಅಲ್ಲಾಡಿಸಿದ ಯುದ್ಧ ಅದು. ಆದರೆ ಕಲ್ಲು ನೆಟ್ಟದ್ದು ಅದಕ್ಕಾಗಿ ಅಲ್ಲ, ಕಾಳಿ ಎಂಬ ನಾಯಿಗಾಗಿ. ಗಂಗ ಬೂತುಗ ತನ್ನ ಭಟ ಮಣಲೆರನಿಗೆ ಮೆಚ್ಚಿ ಕೊಟ್ಟ ಆ ನಾಯಿ ಕಾಡುಹಂದಿಯೊಂದಿಗೆ ಕಾದಾಡಿತು, ಎರಡೂ ಸತ್ತವು. ಅದರ ನೆನಪಿಗೆ ಕಲ್ಲು ನಿಂತಿತು, ಕೆರೆಯ ಕೆಳಗಿನ ಎರಡು ಖಂಡುಗ ಮಣ್ಣು ದತ್ತಿಯಾಯಿತು, ಕಲ್ಲಿಗೆ ಪೂಜೆ ಮಾಡದೆ ಉಣ್ಣುವ ಗೊರವನಿಗೆ (ಶೈವ ಪೂಜಾರಿಗೆ) ಪಾಪ ತಟ್ಟಲಿ ಎಂಬ ಕಟ್ಟಳೆಯೂ ಬಂತು. ಚಕ್ರವರ್ತಿಗಳ ಯುದ್ಧ ಪೀಠಿಕೆಗೆ ಸರಿದು, ಊರಿನ ಕೆರೆ, ಗದ್ದೆ, ಗುಡಿ, ನಾಯಿ ಮುಂದೆ ಬಂದು ಕೂತಿವೆ. ಯುದ್ಧದಿಂದ ಉಳಿದು ಬಂದ ನೆನಪಿನ ವಸ್ತುಗಳನ್ನೆಲ್ಲ, ಅವು ಕಲ್ಲಾಗಿರಲಿ, ಕಾಗದವಾಗಿರಲಿ, ಪದಕವಾಗಿರಲಿ, ಹೀಗೆ ಓದಬೇಕು ಎಂಬುದು ನನ್ನ ವಾದ. ಅವುಗಳಲ್ಲಿ ಯುದ್ಧ ಹುಡುಕುವವನಿಗೆ ಸಿಗುವುದು ಅಷ್ಟಕ್ಕಷ್ಟೆ. ಯುದ್ಧದ ಕಥೆ ಹೇಳಲು ದಂಡಿನ ದಿನಚರಿಗಳಿವೆ, ಸೇನಾಧಿಪತಿಗಳ ಆತ್ಮಕಥೆಗಳಿವೆ. ಊರಿನ ಕಥೆ ಹೇಳಲು ಎಷ್ಟೋ ಸಲ ಈ ವಸ್ತುಗಳನ್ನು ಬಿಟ್ಟರೆ ಬೇರೆ ಗತಿಯಿಲ್ಲ.

ಕಲ್ಲಿನ ವಿಷಯದಲ್ಲಿ ಒಪ್ಪುವವರು ಕಾಗದದ ವಿಷಯಕ್ಕೆ ಬಂದಾಗ ತಡೆಯಬಹುದು. ರಣರಂಗದಲ್ಲಿ ಕೂತು ಬರೆದ ಪತ್ರ ರಣರಂಗದ ಸಾಕ್ಷಿಯಲ್ಲದೆ ಮತ್ತೇನು ಎಂದು ಕೇಳಬಹುದು. ಇದಕ್ಕೆ ಉತ್ತರ ಹುಡುಕಲು ಭಾರತೀಯ ಸಿಪಾಯಿಗಳ ಪತ್ರಗಳ ಬಹುದೊಡ್ಡ ರಾಶಿಯೊಂದನ್ನು, ಅಂದರೆ ಮೊದಲನೆಯ ಮಹಾಯುದ್ಧದಲ್ಲಿ ಫ್ರಾನ್ಸಿನಿಂದ ಬರೆದವುಗಳನ್ನು ನೋಡಬೇಕು. 1914ರ ಸೆಪ್ಟೆಂಬರ್ ಕೊನೆಯಲ್ಲಿ ಭಾರತದ ದಂಡು ಮಾರ್ಸೇಲ್ಸ್ ಬಂದರಿನಲ್ಲಿ ಇಳಿಯಿತು. ಸಿಪಾಯಿಗೆ ತಿಂಗಳಿಗೆ 11 ರೂಪಾಯಿ ಸಂಬಳ. ಬಹುಪಾಲು ಮಂದಿ ಪಂಜಾಬಿನ ರೈತ ಮನೆಗಳಿಂದ ಬಂದವರು. ಗಢವಾಲಿಗಳು, ಗೂರ್ಖರು, ಪಠಾಣರೂ ಇದ್ದರು. ಇವರಿಗೆ ರಾಜದ್ರೋಹದ ಕರಪತ್ರಗಳು ತಲುಪುತ್ತಿವೆಯೋ, ಇವರ ಮನಸ್ಸು ಕೆಡುತ್ತಿದೆಯೋ ಎಂಬ ಅಂಜಿಕೆಯಿಂದ ಸರ್ಕಾರ ಬುಲೋನ್ ಪಟ್ಟಣದಲ್ಲಿ ಅಂಚೆ ತಪಾಸಣೆಯ ಕಚೇರಿ ತೆರೆದು, ಇಂಡಿಯನ್ ಸಿವಿಲ್ ಸರ್ವೀಸಿನ ಈವ್ಲಿನ್ ಹೋವೆಲ್ ಎಂಬ ಅಧಿಕಾರಿಯನ್ನು ಅದರ ಮೇಲೆ ಕೂರಿಸಿತು. 1915ರ ಮಾರ್ಚಿನ ಹೊತ್ತಿಗೆ ಸಿಪಾಯಿಗಳು ವಾರಕ್ಕೆ 10,000ದಿಂದ 20,000 ಕಾಗದ ಬರೆಯುತ್ತಿದ್ದರು. ಎಲ್ಲವನ್ನೂ ಓದುವುದು ಆ ಸಣ್ಣ ಕಚೇರಿಗೆ ಆಗದ ಮಾತು. ಆರಿಸಿದ ಕೆಲವನ್ನು ಓದಿ, ಬೇಕೆನಿಸಿದ ಭಾಗವನ್ನು ಇಂಗ್ಲಿಷಿಗೆ ತಿರುಗಿಸಿ, ವಾರದ ವರದಿಗೆ ಲಗತ್ತಿಸಿ ಮೇಲಕ್ಕೆ ಕಳಿಸುತ್ತಿದ್ದರು. ಮೂಲ ಕಾಗದಗಳು ಸಮುದ್ರ ದಾಟಿ ಹಳ್ಳಿ ಸೇರಿದವು. ಹೆಚ್ಚಿನವು ಅಲ್ಲೇ ಕಳೆದುಹೋದವು. ಇಂಗ್ಲಿಷ್ ತುಣುಕುಗಳು ಲಂಡನ್ನಿನ ಇಂಡಿಯಾ ಆಫೀಸ್ ದಫ್ತರದಲ್ಲಿ ಉಳಿದು ಈಗ ಬ್ರಿಟಿಷ್ ಲೈಬ್ರರಿಯಲ್ಲಿವೆ. ಅವುಗಳಲ್ಲಿ ಆರುನೂರಕ್ಕೂ ಹೆಚ್ಚನ್ನು ಡೇವಿಡ್ ಒಮಿಸ್ಸಿ ಎಂಬ ಇತಿಹಾಸಕಾರ 1999ರಲ್ಲಿ ಪುಸ್ತಕವಾಗಿ ಹೊರತಂದರು.

ಈ ಪತ್ರಗಳಲ್ಲಿ ಗುಂಡು, ಕೆಸರು, ಚಳಿ, ಸಾವು ಇಲ್ಲವೆಂದಲ್ಲ. ಆದರೆ ಮತ್ತೆ ಮತ್ತೆ ಮೇಲೇಳುವುದು ಊರು. ಮಳೆ ಬಂತೇ, ಬೆಳೆ ಹೇಗಿದೆ, ಎಮ್ಮೆ ಕರು ಹಾಕಿತೇ, ಅಡವಿಟ್ಟ ಹೊಲದ ಗತಿ ಏನಾಯಿತು, ದಾಯಾದಿಗಳು ಹಾಕಿದ ವ್ಯಾಜ್ಯ ಎಲ್ಲಿಗೆ ಬಂತು, ಮಗಳ ಮದುವೆ ಈ ವರ್ಷವೋ ಮುಂದಿನ ವರ್ಷವೋ, ಕಳಿಸಿದ ಹಣ ಯಾರ ಕೈ ಸೇರಿತು. ಊರಲ್ಲಿ ಪ್ಲೇಗು ಎದ್ದಿದೆಯೆಂಬ ಸುದ್ದಿ ಫ್ರಾನ್ಸಿಗೆ ಮುಟ್ಟಿ, ಅಲ್ಲಿಂದ ಆತಂಕದ ಮಾತಾಗಿ ಮರಳುತ್ತದೆ. ಫ್ರಾನ್ಸಿನ ರೈತ ಹೆಂಗಸರು ಓದುಬರಹ ಬಲ್ಲವರು, ಲೆಕ್ಕ ನೋಡಿಕೊಳ್ಳಬಲ್ಲವರು ಎಂದು ಕಂಡವನು ನಮ್ಮ ಹೆಣ್ಣುಮಕ್ಕಳನ್ನೂ ಶಾಲೆಗೆ ಕಳಿಸಿ ಎಂದು ಮನೆಗೆ ಬರೆಯುತ್ತಾನೆ. ಹಾಗೆ ಬರೆಯುವಾಗ ತನ್ನ ಊರಿನಲ್ಲಿ ಆವರೆಗೆ ಏನಿರಲಿಲ್ಲ ಎಂಬುದನ್ನೂ ದಾಖಲಿಸಿಬಿಡುತ್ತಾನೆ. ಗೆಜೆಟಿಯರಿನಲ್ಲಿ ಸಾಲದ ಸರಾಸರಿ ಸಿಗಬಹುದು, ಸಾಲಗಾರನ ಸಂಕಟ ಸಿಗುವುದು ಇಲ್ಲಿ.

ಇದಕ್ಕೆ ಊರಿನ ಮೇಲಿನ ಮೋಹ ಒಂದೇ ಕಾರಣವೆಂದು ಹೇಳಿಬಿಟ್ಟರೆ ಅರ್ಧ ಸತ್ಯವಾಗುತ್ತದೆ. ಯುದ್ಧದ ಬಗ್ಗೆ ಬರೆಯಲು ಸಿಪಾಯಿಗೆ ಅಪ್ಪಣೆ ಇರಲಿಲ್ಲ. ತಾನಿರುವ ಜಾಗ, ಸತ್ತವರ ಲೆಕ್ಕ, ಸೋಲಿನ ಸುದ್ದಿ ಎಲ್ಲವೂ ನಿಷಿದ್ಧ. ಪತ್ರ ಮೊದಲು ಪಲ್ಟನ್ನಿನ ಅಧಿಕಾರಿಯ ಕಣ್ಣು ದಾಟಬೇಕು, ಆಮೇಲೆ ಬುಲೋನಿನ ಕಣ್ಣು. ಇದು ಸಿಪಾಯಿಗಳಿಗೆ ಚೆನ್ನಾಗಿ ಗೊತ್ತಿತ್ತು. ಹೇಳಲೇಬೇಕಾದ್ದನ್ನು ಮರೆಮಾತಿನಲ್ಲಿ ಹೇಳಿದರು: ಕರಿ ಮೆಣಸು ಎಂದರೆ ಭಾರತೀಯ ಸಿಪಾಯಿ, ಕೆಂಪು ಮೆಣಸು ಎಂದರೆ ಬಿಳಿಯ ಸೈನಿಕ. ಮರೆಮಾತು ಎಲ್ಲರ ಕೈಲಾಗುವ ವಿದ್ಯೆಯಲ್ಲ. ತಪಾಸಣೆಯವರೂ ಅಷ್ಟೇನೂ ಪೆದ್ದರಾಗಿರಲಿಲ್ಲ. ನಿರಾತಂಕವಾಗಿ ಬರೆಯಬಹುದಾದ ವಿಷಯ ಉಳಿದದ್ದು ಒಂದೇ, ಮನೆಯ ಮಾತು. ಹೀಗೆ ಯುದ್ಧದ ಗುಟ್ಟು ಕಾಯಲು ಹಾಕಿದ ಬೇಲಿ ಸಿಪಾಯಿಯ ಲೇಖನಿಯನ್ನು ಊರಿನ ಕಡೆಗೆ ತಿರುಗಿಸಿತು. ಕಾಗದಗಳಿಗೆ ಸ್ಥಳೀಯ ಚರಿತ್ರೆಯ ದಾಖಲೆಯ ಗುಣ ಬರಲು ತಪಾಸಣೆಯೂ ಒಂದು ಕಾರಣ ಎಂಬುದು ಹೋವೆಲ್ ಸಾಹೇಬರು ಕನಸಿನಲ್ಲೂ ಎಣಿಸಿರದ ಫಲ. ತಪಾಸಣೆಯ ಭಯವಿಲ್ಲದ ಕಡೆಯಲ್ಲೂ ಊರು ಬಿಡಲಿಲ್ಲ ಎನ್ನಲು ಇನ್ನೊಂದು ಸಾಕ್ಷಿಯಿದೆ. ಬರ್ಲಿನ್ನಿನ ಹತ್ತಿರ ವ್ಯೂನ್ಸ್‌ಡಾರ್ಫ್‌ನ ಯುದ್ಧಕೈದಿಗಳ ಶಿಬಿರದಲ್ಲಿ ಜರ್ಮನ್ ವಿದ್ವಾಂಸರು ಭಾಷೆಗಳ ಅಧ್ಯಯನಕ್ಕೆಂದು ಭಾರತೀಯ ಕೈದಿಗಳ ಧ್ವನಿಯನ್ನು ಮುದ್ರಿಸಿಕೊಂಡರು. ಆ ಧ್ವನಿತಟ್ಟೆಗಳು ಹುಂಬೋಲ್ಟ್ ವಿಶ್ವವಿದ್ಯಾಲಯದಲ್ಲಿ ಉಳಿದಿವೆ. 1916ರ ಡಿಸೆಂಬರಿನಲ್ಲಿ ಪಂಜಾಬಿ ಸಿಪಾಯಿಯೊಬ್ಬನನ್ನು ಧ್ವನಿ ಹಿಡಿಯುವ ಕೊಳವೆಯ ಮುಂದೆ ನಿಲ್ಲಿಸಿದಾಗ ಅವನು ಶುರು ಮಾಡಿದ್ದು ಹಿಂದೂಸ್ತಾನದಲ್ಲಿ ತಿನ್ನುತ್ತಿದ್ದ ಬೆಣ್ಣೆಯ ಮಾತಿನಿಂದ.

ಈಗ ಆಕ್ಷೇಪಣೆಗಳಿಗೆ ಬರೋಣ. ಮೊದಲನೆಯದು, ಈ ಪತ್ರಗಳು ನಂಬಲರ್ಹವಲ್ಲ ಎಂಬುದು. ಅನೇಕ ಸಿಪಾಯಿಗಳಿಗೆ ಅಕ್ಷರ ಬಾರದು, ಬಲ್ಲವನಿಂದ ಬರೆಸುತ್ತಿದ್ದರು. ಊರಿನಲ್ಲೂ ಯಾರೋ ಓದಿ ಹೇಳಬೇಕು. ಅಲ್ಲಿಗೆ ಗುಟ್ಟಿನ ಮಾತು ಹೊರಟೇಹೋಯಿತು, ಉಳಿದದ್ದು ಒಕ್ಕಣೆ. ನಮ್ಮ ಹಳೆಯ ಕಾಗದಗಳಲ್ಲಿ ‘ಉಭಯ ಕುಶಲೋಪರಿ ಸಾಂಪ್ರತ’ ಎಂದೋ, ಅವಸರವಿದ್ದರೆ ‘ಉ.ಕು.ಸಾಂ.’ ಎಂದೋ ಮೊದಲಾಗುತ್ತಿದ್ದ ಸಾಲಿನಂತೆ, ಮನೆಯಲ್ಲಿ ಹೆಣ ಬಿದ್ದಿದ್ದರೂ ಎಲ್ಲರೂ ಕ್ಷೇಮ ಎಂದೇ ಬರೆಯುವ ಶಿಷ್ಟಾಚಾರ. ಬ್ರಿಟಿಷ್ ಸೈನಿಕರಿಗಂತೂ ಅಚ್ಚು ಹಾಕಿದ ಕಾರ್ಡನ್ನೇ ಕೊಟ್ಟಿದ್ದರು: ಕ್ಷೇಮವಾಗಿದ್ದೇನೆ, ಆಸ್ಪತ್ರೆಗೆ ಸೇರಿದ್ದೇನೆ ಎಂಬಂಥ ಸಾಲುಗಳಲ್ಲಿ ಬೇಡದ್ದನ್ನು ಹೊಡೆದುಹಾಕಿ ಸಹಿ ಮಾಡಬೇಕು, ಒಂದು ಮಾತು ಹೆಚ್ಚಿಗೆ ಬರೆದರೆ ಕಾರ್ಡು ಕಸದ ಪಾಲು. ಇಂಥ ಬರಹದಿಂದ ಚರಿತ್ರೆ ಕಟ್ಟುವುದು ಹೇಗೆ? ಸೈನಿಕನ ಅಂತರಂಗದ ಚರಿತ್ರೆ ಕಟ್ಟುವುದಾದರೆ ಕಷ್ಟವೇ, ಒಪ್ಪೋಣ. ಊರಿನ ಚರಿತ್ರೆಗೆ ಇದು ಅಷ್ಟು ದೊಡ್ಡ ಅಡ್ಡಿಯಲ್ಲ. ಹತ್ತು ಜನರೆದುರು ಓದಿಸಿಕೊಳ್ಳಲೆಂದೇ ಬರೆದ ಕಾಗದದಲ್ಲಿ ಹೊಲದ ಗಡಿ, ಸಾಲದ ಮೊತ್ತ, ಮದುವೆಯ ಮಾತು ಸುಳ್ಳಾಗಿದ್ದರೆ ಕೇಳುವವರೇ ಹಿಡಿಯುತ್ತಿದ್ದರು. ಒಕ್ಕಣೆಯೂ ಸುಮ್ಮನೆ ಬಂದದ್ದಲ್ಲ. ಯಾರ ಹೆಸರು ಮೊದಲು, ಯಾರಿಗೆ ಸಾಷ್ಟಾಂಗ, ಯಾರಿಗೆ ಆಶೀರ್ವಾದ, ಹೆಂಡತಿಯ ಹೆಸರನ್ನು ಬರೆಯದೆ ಮಕ್ಕಳ ತಾಯಿಯೆಂದು ಸುತ್ತಿ ಹೇಳುವುದು ಹೇಗೆ ಎಂಬ ಕ್ರಮದಲ್ಲಿ ಒಂದು ಕುಟುಂಬದ, ಒಂದು ಕೇರಿಯ ಏರುಪೇರು ಪೂರ್ತಿ ಇದೆ.

ಬುಲೋನಿನ ರಾಶಿಯ ನಿಜವಾದ ದೋಷ ಬೇರೆ. ಅದು ಉಳಿದದ್ದು ಊರಿನ ಅಕ್ಕರೆಯಿಂದಲ್ಲ, ಸರ್ಕಾರದ ಅನುಮಾನದಿಂದ. ಅನುಮಾನ ಹುಟ್ಟಿಸದ ಕಾಗದವನ್ನು ನಕಲು ಮಾಡುವ ಅಗತ್ಯ ಅಷ್ಟಾಗಿ ಕಾಣಲಿಲ್ಲ. ನಕಲಾದದ್ದೂ ಇಂಗ್ಲಿಷಿನಲ್ಲಿ, ಉರ್ದುವೋ ಗುರುಮುಖಿಯೋ ಹಿಂದಿಯೋ ಬರೆದವನ ಸೀಮೆಯ ನುಡಿ ಅದರಲ್ಲಿ ಕರಗಿಹೋಗಿದೆ. ಹೊಲಕ್ಕೆ, ಮಣ್ಣಿಗೆ, ದನದ ರೋಗಕ್ಕೆ ಅವನು ಬಳಸಿದ ಮಾತು ಯಾವುದೆಂದು ಇನ್ನು ತಿಳಿಯುವಂತಿಲ್ಲ. ಮನೆಯ ಟ್ರಂಕಿನಲ್ಲಿ ಉಳಿದ ಒಂದು ಮೂಲ ಕಾಗದ ದಫ್ತರದ ನೂರು ತುಣುಕಿಗೆ ಸಮ ಎಂದು ನಾನು ಹೇಳುವುದು ಈ ಕಾರಣಕ್ಕೆ.

ಕನ್ನಡ ನಾಡಿನ ಮಟ್ಟಿಗೆ ಆ ದಫ್ತರ ಬಹುಮಟ್ಟಿಗೆ ಮೂಕ. ಮೈಸೂರು ಸಂಸ್ಥಾನದ ಕುದುರೆ ದಂಡು, ಮೈಸೂರು ಲ್ಯಾನ್ಸರ್ಸ್, 1914ರಲ್ಲೇ ಹಡಗು ಹತ್ತಿತು. ಆದರೆ ಹೋದದ್ದು ಈಜಿಪ್ಟಿಗೆ. ಸೂಯೆಜ್ ಕಾಲುವೆಯ ಕಾವಲು, ಆಮೇಲೆ ಪ್ಯಾಲೆಸ್ಟೈನ್. 1918ರ ಸೆಪ್ಟೆಂಬರ್ 23ರಂದು ಜೋಧಪುರದ ದಂಡಿನೊಡನೆ ಹೈಫಾ ಪಟ್ಟಣವನ್ನು ಹಿಡಿದಾಗ ಕಾರ್ಮೆಲ್ ಬೆಟ್ಟ ಹತ್ತಿ ತೋಪುಗಳನ್ನು ಕಿತ್ತುಕೊಂಡವರು ಮೈಸೂರಿನವರು. ದೆಹಲಿಯಲ್ಲಿ 1922ರಿಂದ ನಿಂತಿರುವ ಮೂರು ಕಂಚಿನ ಪ್ರತಿಮೆಗಳು ಹೈದರಾಬಾದ್, ಜೋಧಪುರ, ಮೈಸೂರುಗಳ ಹೆಸರಿನವು, ಬೆಂಗಳೂರಿನ ಜೆ.ಸಿ. ನಗರದಲ್ಲೂ ಲ್ಯಾನ್ಸರ್ಸ್ ಸ್ಮಾರಕವಿದೆ. ಹೈಫಾ ಈಗ ಭಾಷಣಗಳಲ್ಲಿ ಮೊಳಗುತ್ತದೆ. ಆದರೆ ಕುದುರೆಯ ಮೇಲಿದ್ದವನು ಯಾವ ಹೋಬಳಿಯವನು, ಅವನ ಮನೆಮಾತು ಕನ್ನಡವೋ ದಖ್ಖನಿಯೋ ಮರಾಠಿಯೋ, ವರ್ಷಗಟ್ಟಲೆ ಅವನಿಲ್ಲದ ಮನೆಯ ಆರಂಬವನ್ನು ಯಾರು ನೋಡಿಕೊಂಡರು ಎಂಬುದನ್ನು ಸ್ಮಾರಕ ಹೇಳಲಾರದು. ಬುಲೋನಿನ ಕಣ್ಣಿದ್ದದ್ದು ಫ್ರಾನ್ಸಿನ ದಂಡಿನ ಮೇಲೆ, ಪಂಜಾಬಿನ ಮನಸ್ಸಿನ ಮೇಲೆ. ಹಾಗಾಗಿ ನಮ್ಮಲ್ಲಿ ಈ ಹುಡುಕಾಟ ಕಾಗದಕ್ಕಿಂತ ಹೆಚ್ಚಾಗಿ ಲೋಹದಿಂದ ಶುರುವಾಗಬೇಕಾಗುತ್ತದೆ.

ಲೋಹಕ್ಕೂ ಅದರ ತೊಡಕುಗಳಿವೆ. ಮೊದಲ ಮಹಾಯುದ್ಧದ ಬ್ರಿಟಿಷ್ ವಾರ್ ಮೆಡಲು ಬೆಳ್ಳಿಯದು. ಅದರ ಅಂಚಿನಲ್ಲಿ ಸಿಪಾಯಿಯ ನಂಬರು, ದರ್ಜೆ, ಹೆಸರು, ದಂಡಿನ ಹೆಸರು ಕೊರೆದಿರುತ್ತದೆ. ಬೆಳ್ಳಿಯಾದ್ದರಿಂದಲೇ ಬರಗಾಲ ಬಂದಾಗ, ಮದುವೆ ಬಂದಾಗ ಅದು ಅಕ್ಕಸಾಲಿಗನ ಮೂಸೆ ಸೇರುವ ವಸ್ತು. ದಂಡಿನ ಹಿಂದೆ ಹೋದ ಕೂಲಿಗಳು, ಹೇಸರಗತ್ತೆ ಹೊಡೆಯುವವರಂಥ ‘ಫಾಲೋಯರು’ಗಳಿಗೆ ಅದೇ ಮೆಡಲನ್ನು ಕಂಚಿನಲ್ಲಿ ಕೊಟ್ಟರು. ಮರ್ಯಾದೆಯಲ್ಲಿ ಕಡಿಮೆಯಾದ ಆ ಕಂಚು ಕರಗುವ ಭಯದಿಂದಲೂ ಅಷ್ಟರಮಟ್ಟಿಗೆ ಪಾರಾಯಿತು. ಸತ್ತವರ ಮನೆಗೆ ಬಂದ ಅಂಗೈಯಗಲದ ಕಂಚಿನ ಬಿಲ್ಲೆಯದು ಇನ್ನೊಂದು ಪಾಡು. ಸಾಮ್ರಾಜ್ಯದ ಉದ್ದಗಲಕ್ಕೂ ಹದಿಮೂರು ಲಕ್ಷಕ್ಕೂ ಹೆಚ್ಚು ಬಿಲ್ಲೆಗಳನ್ನು ಎರಕ ಹೊಯ್ದರು. ಸಾವಿನ ಮುಂದೆ ಮೇಲುಕೀಳಿಲ್ಲ ಎಂಬ ಭಾವನೆಯಿಂದ ದರ್ಜೆ ಬಿಟ್ಟು ಬರಿಯ ಹೆಸರನ್ನು ಹಾಕಿದರು. ಉದ್ದೇಶ ದೊಡ್ಡದು. ಪರಿಣಾಮ ಮಾತ್ರ, ದಂಡಿಲ್ಲ, ನಂಬರಿಲ್ಲ, ಊರಿಲ್ಲ. ಒಂದೇ ಹೆಸರಿನ ನೂರಾರು ಸಿಪಾಯಿಗಳಿದ್ದ ಸೇನೆಯಲ್ಲಿ ಗುಜರಿ ಅಂಗಡಿಗೆ ಬಂದ ಬಿಲ್ಲೆ ಯಾರದೆಂದು ಹೇಳುವುದು ದುಸ್ತರ. ಅದೇ ಬಿಲ್ಲೆ ಒಂದು ಹಳ್ಳಿಯ ಒಂದು ಮನೆಯ ಗೋಡೆಯಲ್ಲಿ, ಪಿಂಚಣಿ ಕಾಗದದ ಪಕ್ಕದಲ್ಲಿ, ಇದು ನಮ್ಮಜ್ಜನ ಅಣ್ಣನದು ಎಂಬ ಮಾತಿನೊಡನೆ ತೂಗುತ್ತಿದ್ದರೆ ಆ ಊರಿನ ಚರಿತ್ರೆಯ ಒಂದು ಪುಟ. ವಸ್ತುವಿನ ಬೆಲೆ ವಸ್ತುವಿನಲ್ಲಿಲ್ಲ, ಇದ್ದ ಜಾಗದಲ್ಲಿದೆ. ಎಲ್ಲವನ್ನೂ ರಾಜಧಾನಿಯ ದೊಡ್ಡ ಮ್ಯೂಸಿಯಮ್ಮಿಗೆ ಒಯ್ಯೋಣ ಎನ್ನುವವರೊಡನೆ ನನಗೆ ಜಗಳವಿರುವುದು ಇಲ್ಲಿ. ಗಾಜಿನ ಪೆಟ್ಟಿಗೆ ಸೇರಿದೊಡನೆ ಮೆಡಲು ಮೊದಲ ಮಹಾಯುದ್ಧದ ಮೆಡಲಾಗುತ್ತದೆ, ಊರಿನದಾಗಿ ಉಳಿಯುವುದಿಲ್ಲ. ಒಯ್ಯಲೇಬೇಕಾದರೆ ಮನೆಯವರ ಮಾತನ್ನೂ ಬರೆದು ಜೊತೆಗೆ ಒಯ್ಯಬೇಕು.

ಪತ್ರಗಳು ನಂಬಲರ್ಹವಲ್ಲ ಎಂಬುದಕ್ಕಿಂತ ಗಟ್ಟಿಯಾದ ಆಕ್ಷೇಪಣೆ ಇನ್ನೊಂದಿದೆ: ಪದಕ ಕೊಡುವವನು ಗೆದ್ದವನು. ಅವನು ಕೊಟ್ಟದ್ದನ್ನು ಊರಿನ ಚರಿತ್ರೆಯೆಂದರೆ ಸೋತವರ ಬಾಯಿಗೆ ಬೀಗ ಹಾಕಿದಂತೆ. ಕೊಡಗಿನ 1837ರ ಪದಕ ಇದಕ್ಕೆ ಕಣ್ಣಿಗೆ ಕಟ್ಟುವ ಉದಾಹರಣೆ. ಕೊಡಗು ಈಸ್ಟ್ ಇಂಡಿಯಾ ಕಂಪನಿಯ ಕೈ ಸೇರಿ ಮೂರು ವರ್ಷವಾಗಿತ್ತು. ಸುಳ್ಯದ ಕಡೆಯಿಂದ ಎದ್ದ ರೈತರ ದಂಡು ಏಪ್ರಿಲ್ 5ರಂದು ಮಂಗಳೂರನ್ನೇ ಹಿಡಿದು ಹದಿಮೂರು ದಿನ ಆಳಿತು. ಅದನ್ನು ಅಡಗಿಸಲು ನೆರವಾದ ಕೊಡವರಿಗೆ ಕಂಪನಿ ಚಿನ್ನದ, ಬೆಳ್ಳಿಯ ಪದಕ ಹಂಚಿತು. ಪದಕದ ಒಂದು ಮುಖದಲ್ಲಿ ಆಯುಧ ಹಿಡಿದ ಕೊಡವ ಯೋಧ, ಸುತ್ತ ಕನ್ನಡ ಬರಹ; ಇನ್ನೊಂದು ಮುಖದಲ್ಲಿ ಇಂಗ್ಲಿಷು. ಬಂಡೆದ್ದವರಿಗೆ ಸಿಕ್ಕಿದ್ದು ನೇಣು: ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಅದೇ ವರ್ಷದ ಅಕ್ಟೋಬರ್ 31ರಂದು ಮಡಿಕೇರಿ ಕೋಟೆಯಲ್ಲಿ ಗಲ್ಲಿಗೇರಿಸಿದರು. ಬಂಡೆದ್ದವರ ನೆನಪು ಬಹುಕಾಲ ಬದುಕಿದ್ದು ಜನರ ನಾಲಗೆಯ ಮೇಲೆ, ಅದೂ ಬಂಡಾಯದ ಮುಂದಾಳುವಿನ ಹೆಸರು ಹೊತ್ತ ‘ಕಲ್ಯಾಣಪ್ಪನ ಕಾಟಕಾಯಿ’ ಎಂಬ, ದರೋಡೆಯ ವಾಸನೆ ಹೊಡೆಯುವ ಹೆಸರಿನಲ್ಲಿ. ಅಮರ ಸುಳ್ಯದ ಸ್ವಾತಂತ್ರ್ಯ ಸಮರ ಎಂಬ ಹೆಸರು ಆಮೇಲಿನದು.

ಆಕ್ಷೇಪಣೆ ನಿಜ. ಆದರೆ ಪದಕವನ್ನು ಬದಿಗಿಟ್ಟರೆ ಸೋತವರಿಗೆ ನ್ಯಾಯ ಸಿಗುತ್ತದೆಯೇ? ಪದಕವನ್ನು ಗದರಿಸಿ ಕೇಳಿದರೆ ಅದೇ ಕೆಲವು ಸಂಗತಿಗಳನ್ನು ಒಪ್ಪಿಕೊಳ್ಳುತ್ತದೆ. ನಿಷ್ಠೆಗೆ ಚಿನ್ನ ತೂಗಬೇಕಾಗಿ ಬಂತೆಂದರೆ ನಿಷ್ಠೆ ತಾನಾಗಿ ಒದಗುವಂತಿರಲಿಲ್ಲ. ಕಂಪನಿ ಕನ್ನಡದಲ್ಲಿ ಬರೆಸಿತೆಂದರೆ ಆ ಸೀಮೆಯಲ್ಲಿ ಅಧಿಕಾರದ ಮಾತು ನಂಬಿಕೆ ಗಿಟ್ಟಿಸಬೇಕಾದರೆ ಕನ್ನಡದಲ್ಲಿರಬೇಕಿತ್ತು. ಕಂಪನಿಗೆ ಮೊದಲು ಕೊಡಗನ್ನು ಆಳಿದ ಹಾಲೇರಿ ಅರಸರ ಕಾಲದ ಆಡಳಿತದ ಭಾಷೆ ಅದೇ. ಒಂದೇ ಘಟ್ಟದ ಮೇಲಿನವರೂ ಕೆಳಗಿನವರೂ ಎರಡು ಪಾಳಯವಾಗಿ ಒಡೆದುಹೋದದ್ದು ಪದಕದ ಪಟ್ಟಿಯನ್ನೂ ನೇಣಿನ ಪಟ್ಟಿಯನ್ನೂ ಎದುರುಬದುರು ಇಟ್ಟಾಗ ಕಾಣುವಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕಾಣುವುದಿಲ್ಲ. ಗೆದ್ದವನ ವಸ್ತುವಿನಲ್ಲಿ ಗೆದ್ದವನ ಅಂಜಿಕೆಯೂ ಇರುತ್ತದೆ. ಬುಲೋನಿನ ಕಡತಗಳಲ್ಲಿ ಇದ್ದದ್ದೂ ಅದೇ.

ಕಡೆಗೆ ವಿಳಾಸದ ಮಾತು. ಇಂದಿಗೂ ಗಡಿಯಲ್ಲಿರುವ ನಮ್ಮ ಸೈನಿಕ ಬರೆಯುವ ಕಾಗದದಲ್ಲಿ ಕಳಿಸಿದವರ ವಿಳಾಸವೆಂದು ಇರುವುದು ದಂಡಿನ ಹೆಸರು ಮತ್ತು 56 ಎ.ಪಿ.ಒ. ಅಥವಾ 99 ಎ.ಪಿ.ಒ. ಎಂಬ ಸೇನಾ ಅಂಚೆಯ ಸಂಖ್ಯೆ. ಹಿಮಾಲಯವೋ ಮರುಭೂಮಿಯೋ ಅಂಚೆಯವನಿಗೂ ತಿಳಿಯದು. ಸೇರಬೇಕಾದ ವಿಳಾಸದಲ್ಲಾದರೋ ಮನೆ ಯಜಮಾನನ ಹೆಸರು, ಬೀದಿ, ಗ್ರಾಮ, ಅಂಚೆ, ತಾಲ್ಲೂಕು, ಜಿಲ್ಲೆ, ಒಂದೂ ಬಿಡದೆ ಇರುತ್ತವೆ. ಆ ವಿಳಾಸದಿಂದ ಹೊರಟ ಮಾರುತ್ತರಗಳ ಕಥೆ ಇನ್ನೂ ಕಷ್ಟದ್ದು. ಸಿಪಾಯಿಯ ಕಾಗದ ಟ್ರಂಕಿನಲ್ಲಿ ಉಳಿಯುತ್ತದೆ, ಮನೆಯವರು ಬರೆದದ್ದು ಕಂದಕದ ನೀರಿನಲ್ಲಿ ನೆನೆದು, ಜೇಬಿನಲ್ಲಿ ಮಡಿಸಿ ಮಡಿಸಿ ಹರಿದು, ಅವನೊಡನೆ ಸುಟ್ಟೋ ಹೂತೋ ಹೋಗುತ್ತದೆ. ಮಳೆ ಬಂತೇ ಎಂಬ ಪ್ರಶ್ನೆ ನಮ್ಮ ಕೈಯಲ್ಲಿದೆ. ಬಂತು ಎಂಬ ಉತ್ತರ ಎಷ್ಟೋ ಸಲ ಇಲ್ಲ. ಬುಲೋನಿನ ಕಚೇರಿ ಭಾರತದಿಂದ ಬಂದ ಕಾಗದಗಳನ್ನೂ ಒಡೆದು ನೋಡುತ್ತಿತ್ತು. ಹಳ್ಳಿಯ ಹೆಂಗಸರು ಗಂಡಂದಿರಿಗೆ, ಮಕ್ಕಳಿಗೆ ಬರೆಸಿ ಕಳಿಸಿದ ಕೆಲವು ಮಾತುಗಳು ಇವತ್ತು ಓದಲು ಸಿಗುವುದು, ಬೇರೆ ಯಾರಿಗೋ ಬರೆದದ್ದನ್ನು ಆ ಗುಮಾಸ್ತರು ಕದ್ದು ಓದಿದ್ದರಿಂದ.